ಇಂಟ್ರಾನೆಟ್

ಇಂಟ್ರಾನೆಟ್ ಎಂಬುದು ಒಂದು ಸಂಸ್ಥೆಯು ತನ್ನ ನೌಕರರ ಬಳಕೆಗೆಂದೇ ಏರ್ಪಡಿಸಿಕೊಳ್ಳುವ ಖಾಸಗಿ ಮಾಹಿತಿ ಜಾಲ. ಅಂತರ್ಜಾಲವು ಯಾವ ತಂತ್ರಜ್ಞಾನದಿಂದ ನಡೆಯುತ್ತದೆಯೋ ಅದೇ ತಂತ್ರಜ್ಞಾನದಿಂದ ಇದೂ ನಡೆಯುತ್ತದೆ; ಆದರೆ ಇದರ ಪುಟಗಳು ಹೊರಗಿನವರಿಗೆ ತೆರೆದಿರುವುದಿಲ್ಲ. ಕನ್ನಡದಲ್ಲಿ ಇದನ್ನು ಒಳಜಾಲ ಎಂದೂ ಕರೆಯುವುದುಂಟು. ಸುತ್ತೋಲೆಗಳು, ಸೇವಾ ನಿಯಮಗಳು, ದೂರವಾಣಿ ಪಟ್ಟಿ, ರಜೆಯ ಅರ್ಜಿ, ವೇತನದ ಚೀಟಿ, ತರಬೇತಿಯ ಪಾಠಗಳು, ಕೆಲಸದ ಕೈಪಿಡಿಗಳು ಮುಂತಾದವು ಸಾಮಾನ್ಯವಾಗಿ ಇದರಲ್ಲಿ ದೊರೆಯುತ್ತವೆ.

ಹಿಂದೆ ಕಚೇರಿಯ ಸೂಚನಾ ಫಲಕ, ಕಡತಗಳ ಕಪಾಟು ಮತ್ತು ಅನುಭವಿ ಗುಮಾಸ್ತರ ನೆನಪು, ಈ ಮೂರೂ ಸೇರಿ ಮಾಡುತ್ತಿದ್ದ ಕೆಲಸವನ್ನು ಇಂದು ಇಂಟ್ರಾನೆಟ್ ಮಾಡಬೇಕಾಗಿದೆ. ಅದನ್ನು ಸ್ಥಾಪಿಸುವುದಕ್ಕಿಂತ ನಂಬಲರ್ಹವಾಗಿ ಉಳಿಸಿಕೊಳ್ಳುವುದು ಹೆಚ್ಚಿನ ಶ್ರಮದ ಕೆಲಸ. ಮಾಹಿತಿ ಹಳತಾದರೆ, ಅಥವಾ ಬೇಕಾದುದು ಬೇಕಾದ ಹೊತ್ತಿಗೆ ಸಿಗದೆ ಹೋದರೆ, ನೌಕರರು ಅದನ್ನು ಬಿಟ್ಟು ಪಕ್ಕದವರನ್ನು ಕೇಳುವ ರೂಢಿಗೆ ಮರಳುತ್ತಾರೆ. ಆದ್ದರಿಂದ ಇಂಟ್ರಾನೆಟ್ಟಿನ ಸುಧಾರಣೆ ಎಂದರೆ ತಂತ್ರಾಂಶದ ಬದಲಾವಣೆ ಮಾತ್ರವಲ್ಲ. ಮಾಹಿತಿಗೆ ಹೊಣೆಗಾರರನ್ನು ನಿಗದಿಪಡಿಸುವ ಆಡಳಿತದ ಕೆಲಸವೂ ಹೌದು.

ಪದ ಮತ್ತು ವ್ಯಾಪ್ತಿ

ಇಂಟ್ರಾನೆಟ್ ಎಂಬ ಪದದಲ್ಲಿನ 'ಇಂಟ್ರಾ' ಎಂಬುದು ಲ್ಯಾಟಿನ್ ಮೂಲದ್ದು. 'ಒಳಗೆ' ಎಂದು ಅದರ ಅರ್ಥ. ಇಂಟರ್‌ನೆಟ್ ಎಂಬುದರಲ್ಲಿನ 'ಇಂಟರ್' ಎಂದರೆ 'ನಡುವೆ'. ಹಲವು ಜಾಲಗಳ ನಡುವಿನ ಬೆಸುಗೆ ಇಂಟರ್‌ನೆಟ್ ಆದರೆ, ಒಂದು ಸಂಸ್ಥೆಯ ಒಳಗಿನ ಜಾಲ ಇಂಟ್ರಾನೆಟ್. ಇದೇ ಜಾಲದ ಒಂದು ಭಾಗವನ್ನು ವಿತರಕರು, ಸರಬರಾಜುದಾರರು ಮೊದಲಾದ ಆಯ್ದ ಹೊರಗಿನವರಿಗೆ ತೆರೆದಿಟ್ಟರೆ ಅದನ್ನು ಎಕ್ಸ್‌ಟ್ರಾನೆಟ್ ಎನ್ನುತ್ತಾರೆ.

ಮೊದಲಿಗೆ ಈ ಪದವು ಕಚೇರಿಯ ಕಂಪ್ಯೂಟರುಗಳನ್ನು ಜೋಡಿಸುವ ಇಡೀ ಜಾಲವನ್ನು ಸೂಚಿಸುತ್ತಿತ್ತು. ಈಗ ರೂಢಿಯಲ್ಲಿ ಆ ಜಾಲದ ಮೂಲಕ ನೌಕರರಿಗೆ ಕಾಣುವ ಆಂತರಿಕ ಜಾಲತಾಣವನ್ನೇ ಇಂಟ್ರಾನೆಟ್ ಎನ್ನುವುದು ಹೆಚ್ಚು.

ಇತಿಹಾಸ

ಇಂದಿನ ವಿಶ್ವವ್ಯಾಪಿ ಜಾಲ, ಅಂದರೆ ವರ್ಲ್ಡ್ ವೈಡ್ ವೆಬ್, ಹುಟ್ಟಿದ್ದೇ ಒಂದು ಸಂಸ್ಥೆಯ ಒಳಗಿನ ಅಗತ್ಯದಿಂದ. ಜಿನೀವಾ ಬಳಿಯ ಸರ್ನ್ ಭೌತವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಟಿಮ್ ಬರ್ನರ್ಸ್-ಲೀ 1989ರ ಮಾರ್ಚ್ ತಿಂಗಳಲ್ಲಿ ಮಾಹಿತಿ ನಿರ್ವಹಣೆಯ ಕುರಿತು ಒಂದು ಪ್ರಸ್ತಾವವನ್ನು ಮಂಡಿಸಿದರು. ಸರ್ನ್‌ಗೆ ನಾನಾ ದೇಶಗಳಿಂದ ಬರುವ ವಿಜ್ಞಾನಿಗಳಲ್ಲಿ ಅನೇಕರು ಸುಮಾರು ಎರಡು ವರ್ಷವಿದ್ದು ಮರಳಿಬಿಡುತ್ತಿದ್ದರು. ಅವರ ಜೊತೆಗೆ ಅವರು ತಿಳಿದಿದ್ದ ವಿವರಗಳೂ ಹೊರಟುಹೋಗುತ್ತಿದ್ದವು. ಹೊಸಬರು ಅವನ್ನೆಲ್ಲ ಮತ್ತೆ ಹುಡುಕಬೇಕಾಗುತ್ತಿತ್ತು. ಈ ನಷ್ಟವನ್ನು ತಡೆಯುವುದೇ ಪ್ರಸ್ತಾವದ ಉದ್ದೇಶವಾಗಿತ್ತು. ಈ ಹೊಸ ವ್ಯವಸ್ಥೆಯನ್ನು ಸರ್ನ್‌ನ ಸಾಮಾನ್ಯ ಸಿಬ್ಬಂದಿಯ ಬಳಿಗೆ ಕೊಂಡೊಯ್ದ ಮೊದಲ ಉಪಯೋಗಗಳಲ್ಲಿ ಅಲ್ಲಿನ ದೂರವಾಣಿ ಪಟ್ಟಿ ಪ್ರಮುಖವಾದುದು. 1993ರ ಏಪ್ರಿಲ್ 30ರಂದು ಸರ್ನ್ ಈ ತಂತ್ರಾಂಶವನ್ನು ಯಾರು ಬೇಕಾದರೂ ಉಚಿತವಾಗಿ ಬಳಸುವಂತೆ ಸಾರ್ವಜನಿಕಗೊಳಿಸಿತು.

ಇದಕ್ಕೂ ಮುಂಚೆ ಕಂಪನಿಗಳಲ್ಲಿ ದಾಖಲೆ ಹಂಚಿಕೆಗೆ ಬೇರೆ ತಂತ್ರಾಂಶಗಳಿದ್ದವು. 1989ರಲ್ಲಿ ಮಾರುಕಟ್ಟೆಗೆ ಬಂದ ಲೋಟಸ್ ನೋಟ್ಸ್ ಇವುಗಳಲ್ಲಿ ಪ್ರಸಿದ್ಧವಾದುದು. 1990ರ ದಶಕದ ಮಧ್ಯದಲ್ಲಿ ಬ್ರೌಸರುಗಳು ಎಲ್ಲೆಡೆ ಬಳಕೆಗೆ ಬಂದಾಗ, ಅದೇ ಬ್ರೌಸರಿನಲ್ಲಿ ಕಂಪನಿಯ ಒಳಗಿನ ಪುಟಗಳನ್ನೂ ತೋರಿಸಬಹುದೆಂಬುದು ಸ್ಪಷ್ಟವಾಯಿತು. ಇಂಟ್ರಾನೆಟ್ ಎಂಬ ಪದ ವ್ಯಾಪಕವಾಗಿ ಹಬ್ಬಿದ್ದು ಈ ಅವಧಿಯಲ್ಲೇ. 1995ರಲ್ಲಿ ವಾರ್ಡ್ ಕನ್ನಿಂಗ್‌ಹ್ಯಾಮ್ ಮೊದಲ ವಿಕಿಯನ್ನು ಆರಂಭಿಸಿದರು; ಓದುಗರೇ ಪುಟವನ್ನು ತಿದ್ದಬಹುದಾದ ಈ ಪದ್ಧತಿ ಮುಂದೆ ಕಂಪನಿಗಳ ಒಳಗೂ ಬಂದಿತು. 2001ರಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಶೇರ್‌ಪಾಯಿಂಟ್, 2004ರಲ್ಲಿ ಅಟ್ಲಾಸಿಯನ್ ಕಂಪನಿಯ ಕಾನ್‌ಫ್ಲುಯೆನ್ಸ್ ಬಿಡುಗಡೆಯಾದವು.

2008ರಲ್ಲಿ ಯಾಮರ್, 2013ರಲ್ಲಿ ಸ್ಲ್ಯಾಕ್, 2017ರಲ್ಲಿ ಮೈಕ್ರೋಸಾಫ್ಟ್ ಟೀಮ್ಸ್ ಬಂದ ಮೇಲೆ ನೌಕರರ ನಡುವಿನ ಸಂಭಾಷಣೆಯೂ ಇಂಟ್ರಾನೆಟ್ಟಿನ ಭಾಗವಾಯಿತು. 2020ರ ಕೊರೊನಾ ಕಾಲದಲ್ಲಿ ಕಚೇರಿಗಳು ಮುಚ್ಚಿದಾಗ ಅನೇಕ ಸಂಸ್ಥೆಗಳಿಗೆ ಇವೇ ಕಚೇರಿಯಾದವು.

ತಾಂತ್ರಿಕ ರಚನೆ

ಇಂಟ್ರಾನೆಟ್ಟಿನಲ್ಲಿ ಮುಖ್ಯವಾಗಿ ಪುಟಗಳನ್ನು ಇರಿಸುವ ಸರ್ವರ್, ಪುಟಗಳನ್ನು ಬರೆದು ತಿದ್ದಲು ಬೇಕಾದ ತಂತ್ರಾಂಶ, ನೌಕರರನ್ನು ಗುರುತಿಸುವ ವ್ಯವಸ್ಥೆ ಮತ್ತು ಹುಡುಕು ಯಂತ್ರ ಇರುತ್ತವೆ. ಒಳಗಿನ ಜಾಲಕ್ಕೂ ಹೊರಗಿನ ಅಂತರ್ಜಾಲಕ್ಕೂ ನಡುವೆ ಫೈರ್‌ವಾಲ್ ಎಂಬ ತಡೆ ಇರುತ್ತದೆ. ಖಾಸಗಿ ಜಾಲಗಳಿಗೆಂದೇ ಕೆಲವು ಐಪಿ ವಿಳಾಸಗಳನ್ನು 1994ರಲ್ಲಿ ನಿಗದಿಪಡಿಸಲಾಯಿತು. 10ರಿಂದ, 172.16ರಿಂದ 172.31ರವರೆಗಿನ ಅಂಕಿಗಳಿಂದ ಮತ್ತು 192.168ರಿಂದ ಆರಂಭವಾಗುವ ವಿಳಾಸಗಳು ಇಂಥವು. ಇವು ಹೊರಗಿನ ಜಾಲದಲ್ಲಿ ಚಲಾವಣೆಯಾಗುವುದಿಲ್ಲವಾದ್ದರಿಂದ ಎಷ್ಟು ಸಂಸ್ಥೆಗಳು ಬೇಕಾದರೂ ತಮ್ಮ ಒಳಗೆ ಇವನ್ನೇ ಬಳಸಬಹುದು.

ಊರಿಂದ ಹೊರಗಿರುವ ನೌಕರರು ವಿಪಿಎನ್ ಎಂಬ ಗೂಢಲಿಪೀಕರಿಸಿದ ಸಂಪರ್ಕದ ಮೂಲಕ ಒಳಗೆ ಬರುವುದು ಹಳೆಯ ಕ್ರಮ. ಇತ್ತೀಚೆಗೆ ಅನೇಕ ಸಂಸ್ಥೆಗಳು ಇಂಟ್ರಾನೆಟ್ಟನ್ನು ಸ್ವಂತ ಸರ್ವರಿನಲ್ಲಿ ಇಡದೆ ಕ್ಲೌಡ್ ಸೇವೆಗಳಲ್ಲಿ ಇಡುತ್ತವೆ. ಇದರಿಂದ ನಿರ್ವಹಣೆ ಸುಲಭವಾಗುತ್ತದೆ. ಆದರೆ ಸೇವೆ ನೀಡುವ ಕಂಪನಿಯ ಮೇಲಿನ ಅವಲಂಬನೆಯೂ ಹೆಚ್ಚುತ್ತದೆ. 2016ರಲ್ಲಿ ಫೇಸ್‌ಬುಕ್ ಆರಂಭಿಸಿದ್ದ ವರ್ಕ್‌ಪ್ಲೇಸ್ ಸೇವೆಯನ್ನು ಮುಚ್ಚುವುದಾಗಿ ಮೆಟಾ ಕಂಪನಿ 2024ರಲ್ಲಿ ಪ್ರಕಟಿಸಿದಾಗ ಅದನ್ನು ಬಳಸುತ್ತಿದ್ದ ಸಂಸ್ಥೆಗಳು ಬೇರೆ ವ್ಯವಸ್ಥೆ ಮಾಡಿಕೊಳ್ಳಬೇಕಾಯಿತು. ದಾಖಲೆಗಳನ್ನು ಬೇರೆಡೆಗೆ ಸಾಗಿಸಬಲ್ಲ ರೂಪದಲ್ಲಿ ಪಡೆಯುವ ಅವಕಾಶವನ್ನು ಒಪ್ಪಂದದಲ್ಲೇ ಕೇಳಿಕೊಳ್ಳುವುದು ಇದಕ್ಕಾಗಿಯೇ.

ಉಪಯೋಗಗಳು

ಇಂಟ್ರಾನೆಟ್ಟಿನ ಉಪಯೋಗಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ತಿಳಿಸುವುದು. ಬ್ಯಾಂಕಿನ ಠೇವಣಿಯ ಬಡ್ಡಿದರ ಬದಲಾದರೆ ಎಲ್ಲ ಶಾಖೆಗಳಿಗೂ ಅದೇ ದಿನ ತಿಳಿಯಬೇಕು. ಕಾಗದದ ಸುತ್ತೋಲೆ ಅಂಚೆಯಲ್ಲಿ ತಲುಪುವವರೆಗೆ ಕಾಯುವಂತಿಲ್ಲ.

ಎರಡನೆಯದು ಕೆಲಸ ಮಾಡಿಸುವುದು. ರಜೆಯ ಅರ್ಜಿ, ಪ್ರಯಾಣ ಭತ್ಯೆಯ ಬಿಲ್ಲು, ಆದಾಯ ತೆರಿಗೆಯ ಫಾರಂ 16, ಕಂಪ್ಯೂಟರ್ ದುರಸ್ತಿಯ ಕೋರಿಕೆ ಮುಂತಾದವು ಇಲ್ಲಿಂದಲೇ ನಡೆಯುತ್ತವೆ. ಹೆಚ್ಚಿನ ನೌಕರರು ಇಂಟ್ರಾನೆಟ್ಟಿಗೆ ಬರುವುದು ಮುಖ್ಯವಾಗಿ ಇಂಥ ಕೆಲಸಗಳಿಗಾಗಿ.

ಮೂರನೆಯದು ಜ್ಞಾನವನ್ನು ಕಾಯ್ದಿರಿಸುವುದು. ಒಂದು ಶಾಖೆಯಲ್ಲಿ ಪರಿಹಾರ ಕಂಡ ಸಮಸ್ಯೆಗೆ ಇನ್ನೊಂದು ಶಾಖೆಯವರು ಮತ್ತೆ ತಲೆಕೆಡಿಸಿಕೊಳ್ಳದಂತೆ ಮಾಡುವುದು ಇದರ ಗುರಿ.

ನಾಲ್ಕನೆಯದು ನೌಕರನ ಹಕ್ಕು ಮತ್ತು ರಕ್ಷಣೆಗೆ ಸಂಬಂಧಿಸಿದುದು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯಿದೆಯ ಪ್ರಕಾರ, 10 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿಯೊಂದನ್ನು ರಚಿಸಬೇಕು. ಸಮಿತಿಯನ್ನು ರಚಿಸಿದ ಆದೇಶವನ್ನು ಎದ್ದುಕಾಣುವ ಜಾಗದಲ್ಲಿ ಪ್ರದರ್ಶಿಸಬೇಕು. ಗೋಡೆಯ ಫಲಕದ ಜೊತೆಗೆ ಇಂಟ್ರಾನೆಟ್ಟಿನಲ್ಲೂ ಇದನ್ನು ಪ್ರಕಟಿಸುವ ಸಂಸ್ಥೆಗಳಿವೆ. ಅಪಘಾತದ ವೇಳೆ ಅನುಸರಿಸಬೇಕಾದ ಕ್ರಮ, ರಾಸಾಯನಿಕಗಳ ಸುರಕ್ಷತಾ ವಿವರ, ದೂರು ನೀಡುವ ವಿಧಾನ ಇವೂ ಇದೇ ಗುಂಪಿಗೆ ಸೇರುತ್ತವೆ.

ಸಾಮಾನ್ಯ ದೋಷಗಳು

ಇಂಟ್ರಾನೆಟ್ ಒಮ್ಮೆಗೇ ಕೆಡುವುದಿಲ್ಲ, ಮೆಲ್ಲಮೆಲ್ಲನೆ ಹಳತಾಗುತ್ತದೆ. ಹೊಸ ನಿಯಮ ಬಂದಾಗ ಹೊಸ ಪುಟ ಸೇರುತ್ತದೆ, ಹಳೆಯದನ್ನು ಯಾರೂ ತೆಗೆಯುವುದಿಲ್ಲ. ಕೆಲವು ವರ್ಷಗಳಲ್ಲಿ ಒಂದೇ ವಿಷಯಕ್ಕೆ ಮೂರು ನಾಲ್ಕು ಕಡತಗಳು ಉಳಿದು, ಯಾವುದು ಜಾರಿಯಲ್ಲಿದೆ ಎಂಬುದು ತಿಳಿಯದಂತಾಗುತ್ತದೆ. ಪುಟ ಬರೆದವರು ವರ್ಗವಾಗಿಯೋ ಕೆಲಸ ಬಿಟ್ಟೋ ಹೋಗಿರುತ್ತಾರೆ.

ಇದರ ಪರಿಣಾಮ ಎಲ್ಲ ಪುಟಗಳಲ್ಲೂ ಒಂದೇ ಬಗೆಯದಲ್ಲ. ಕಳೆದ ವರ್ಷದ ವಾರ್ಷಿಕೋತ್ಸವದ ಚಿತ್ರಗಳು ಮುಖಪುಟದಲ್ಲೇ ಉಳಿದರೆ ಹಾನಿಯಿಲ್ಲ. ಆದರೆ ದೂರು ಸಮಿತಿಯ ಪುಟದಲ್ಲಿ ಎಂದೋ ಕೆಲಸ ಬಿಟ್ಟವರ ಹೆಸರು ಮತ್ತು ದೂರವಾಣಿ ಸಂಖ್ಯೆ ಉಳಿದಿದ್ದರೆ, ಹಿಂಜರಿಕೆಯಿಂದಲೇ ದೂರು ನೀಡಲು ಮುಂದಾದ ಮಹಿಳೆ ಅಲ್ಲಿಗೇ ನಿಂತುಬಿಡಬಹುದು. ಯಂತ್ರವನ್ನು ನಿಲ್ಲಿಸುವ ಕ್ರಮ ಬದಲಾಗಿದ್ದರೂ ಹಳೆಯ ಕೈಪಿಡಿ ಉಳಿದಿದ್ದರೆ ಕೆಲಸಗಾರನ ದೇಹಕ್ಕೇ ಅಪಾಯವಿದೆ. ತಪ್ಪು ಮಾಹಿತಿಯ ಬೆಲೆ ಯಾವ ಪುಟದಲ್ಲಿ ಹೆಚ್ಚೋ ಆ ಪುಟದಿಂದ ಸುಧಾರಣೆಯನ್ನು ಆರಂಭಿಸುವುದು ಯುಕ್ತ.

ಸಂಸ್ಥೆಯ ಇಲಾಖೆಗಳ ವಿಂಗಡಣೆಯನ್ನೇ ಜಾಲತಾಣದ ವಿಂಗಡಣೆಯಾಗಿ ಮಾಡುವುದು ಇನ್ನೊಂದು ದೋಷ. ಹೆರಿಗೆ ರಜೆಯ ನಿಯಮ ಸಿಬ್ಬಂದಿ ಇಲಾಖೆಯಲ್ಲಿ, ಅದರ ಅರ್ಜಿ ಆಡಳಿತ ಇಲಾಖೆಯಲ್ಲಿ, ಆ ಅವಧಿಯ ವೇತನದ ವಿವರ ಲೆಕ್ಕಪತ್ರ ಇಲಾಖೆಯಲ್ಲಿ ಇದ್ದರೆ, ನೌಕರಳು ಮೂರು ಕಡೆ ಅಲೆಯಬೇಕಾಗುತ್ತದೆ. ಅವಳಿಗೆ ಬೇಕಾದುದು ಒಂದೇ ಪುಟ.

ಸುಧಾರಣೆಯ ಕ್ರಮಗಳು

ಹೊಣೆಗಾರಿಕೆ: ಪ್ರತಿ ಪುಟದಲ್ಲೂ ಅದಕ್ಕೆ ಹೊಣೆಯಾದ ಹುದ್ದೆ, ಕೊನೆಯ ಬಾರಿ ಪರಿಶೀಲಿಸಿದ ದಿನಾಂಕ ಮತ್ತು ಮುಂದಿನ ಪರಿಶೀಲನೆಯ ದಿನಾಂಕವನ್ನು ನಮೂದಿಸುವುದು ಒಳ್ಳೆಯ ಕ್ರಮ. ಹೊಣೆಯನ್ನು ವ್ಯಕ್ತಿಗಿಂತ ಹುದ್ದೆಗೆ ವಹಿಸಿದರೆ, ವ್ಯಕ್ತಿ ಬದಲಾದಾಗ ಅದು ಅಧಿಕಾರ ಹಸ್ತಾಂತರದ ಪಟ್ಟಿಯಲ್ಲಿ ಸೇರುತ್ತದೆ. ನಿಗದಿತ ದಿನ ಮೀರಿದ ಪುಟದ ಮೇಲೆ 'ಪರಿಶೀಲನೆ ಬಾಕಿ' ಎಂಬ ಸೂಚನೆ ತಾನಾಗಿ ಕಾಣಿಸುವಂತೆ ಮಾಡಬಹುದು.

ಕಳೆ ಕೀಳುವುದು: ಹೊಸ ತಂತ್ರಾಂಶಕ್ಕೆ ಹೋಗುವಾಗ ಹಳೆಯ ಕಡತಗಳನ್ನೆಲ್ಲ ಹಾಗೆಯೇ ಸಾಗಿಸಿದರೆ ಹಳೆಯ ಗೊಂದಲವೂ ಜೊತೆಗೆ ಸಾಗುತ್ತದೆ. ಸಾಗಿಸುವ ಮುಂಚೆ ಯಾವುದನ್ನು ಇಡಬೇಕು, ಯಾವುದನ್ನು ತಿದ್ದಬೇಕು, ಯಾವುದನ್ನು ದಾಖಲೆಗಷ್ಟೇ ಬೇರೆಡೆ ಇರಿಸಬೇಕು ಎಂದು ವಿಂಗಡಿಸಬೇಕು. ಕಾನೂನಿನ ಪ್ರಕಾರ ಕೆಲವು ವರ್ಷ ಕಾಯ್ದಿಡಬೇಕಾದ ದಾಖಲೆಗಳನ್ನು ಅಳಿಸುವಂತಿಲ್ಲ. ಆದರೆ ಅವು ದಿನಬಳಕೆಯ ಹುಡುಕಾಟದಲ್ಲಿ ಅಡ್ಡ ಬರಬೇಕಾಗಿಯೂ ಇಲ್ಲ.

ಚೀಟಿಗಳ ವಿಂಗಡಣೆ: ವಿಷಯಗಳನ್ನು ಒಂದೊಂದು ಚೀಟಿಯಲ್ಲಿ ಬರೆದು, ಅವನ್ನು ತಮಗೆ ಸರಿಕಂಡಂತೆ ಗುಂಪು ಮಾಡಲು ನೌಕರರಿಗೆ ಹೇಳುವ ಸರಳ ವಿಧಾನವಿದು. ಹಲವರು ಮಾಡಿದ ಗುಂಪುಗಳನ್ನು ಹೋಲಿಸಿದಾಗ, ನೌಕರರು ಯಾವುದನ್ನು ಎಲ್ಲಿ ಹುಡುಕುತ್ತಾರೆ ಎಂಬುದು ತಿಳಿಯುತ್ತದೆ.

ಬಳಕೆಯ ಪರೀಕ್ಷೆ: ಜಾಲತಾಣಗಳ ಬಳಕೆಯ ಸುಲಭತೆಯನ್ನು ಕುರಿತು ದೀರ್ಘಕಾಲ ಕೆಲಸ ಮಾಡಿದ ಯಾಕೋಬ್ ನೀಲ್ಸನ್, 5 ಜನರೊಂದಿಗೆ ನಡೆಸಿದ ಪರೀಕ್ಷೆಯಲ್ಲೇ ಹೆಚ್ಚಿನ ದೋಷಗಳು ಬೆಳಕಿಗೆ ಬರುತ್ತವೆಂದು 2000ದಲ್ಲಿ ವಾದಿಸಿದರು. 15 ಜನರನ್ನು ಒಮ್ಮೆ ಪರೀಕ್ಷಿಸುವುದಕ್ಕಿಂತ, 5 ಜನರಂತೆ ಮೂರು ಸಲ ಪರೀಕ್ಷಿಸಿ, ಪ್ರತಿ ಸಲದ ನಂತರ ದೋಷವನ್ನು ತಿದ್ದುವುದು ಮೇಲೆಂಬುದು ಅವರ ಸಲಹೆ. 'ಮುಂದಿನ ತಿಂಗಳ ಎರಡು ದಿನದ ರಜೆಗೆ ಅರ್ಜಿ ಹಾಕಿ' ಎಂಬಂಥ ಕೆಲಸವನ್ನು ಕೊಟ್ಟು, ನೌಕರರು ಎಲ್ಲಿ ತಡವರಿಸುತ್ತಾರೆ ಎಂಬುದನ್ನು ಸುಮ್ಮನೆ ಕುಳಿತು ನೋಡುವುದೇ ಈ ಪರೀಕ್ಷೆ. ಅವರು ಸ್ಥಾಪಕರಲ್ಲೊಬ್ಬರಾದ ನೀಲ್ಸನ್ ನಾರ್ಮನ್ ಗ್ರೂಪ್ 2001ರಿಂದ ಹಲವು ವರ್ಷ ಉತ್ತಮ ಇಂಟ್ರಾನೆಟ್ಟುಗಳನ್ನು ಆಯ್ದು ಗುರುತಿಸಿತು.

ಹುಡುಕಾಟದ ಪದಗಳು: ನೌಕರರು ಆಡುವ ಮಾತಿಗೂ ನಿಯಮಾವಳಿಯ ಮಾತಿಗೂ ಅಂತರವಿರುತ್ತದೆ. ಅವರು 'ಪಿಎಫ್' ಎಂದು ಹುಡುಕುವಾಗ ಪುಟದಲ್ಲಿ 'ಭವಿಷ್ಯ ನಿಧಿ' ಎಂದಷ್ಟೇ ಇದ್ದರೆ ಏನೂ ಸಿಗದೆ ಹೋಗಬಹುದು. ಹುಡುಕಿಯೂ ಫಲ ಸಿಗದ ಪದಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ನೋಡಿ, ಆ ಪದಗಳನ್ನು ಸರಿಯಾದ ಪುಟಕ್ಕೆ ಜೋಡಿಸುವುದು ಅಲ್ಪ ವೆಚ್ಚದ, ಹೆಚ್ಚು ಪ್ರಯೋಜನದ ಕೆಲಸ.

ಜ್ಞಾನದ ಹಂಚಿಕೆ: ಎರಡು ನಿದರ್ಶನಗಳು

ನೌಕರರು ತಮ್ಮ ಅನುಭವವನ್ನು ಬರೆದಿಡುವಂತೆ ಮಾಡುವುದು ಹೇಗೆ ಎಂಬ ಪ್ರಶ್ನೆಗೆ ಸಂಬಂಧಿಸಿದಂತೆ ಎರಡು ಕಂಪನಿಗಳ ಅನುಭವವನ್ನು ವಿದ್ವಾಂಸರು ಹೆಚ್ಚಾಗಿ ಉಲ್ಲೇಖಿಸುತ್ತಾರೆ.

ಮೊದಲನೆಯದು ಜೆರಾಕ್ಸ್. ಮಾನವಶಾಸ್ತ್ರಜ್ಞ ಜೂಲಿಯನ್ ಓರ್ ಅವರು ನಕಲು ಯಂತ್ರಗಳನ್ನು ದುರಸ್ತಿ ಮಾಡುವ ತಂತ್ರಜ್ಞರ ಜೊತೆ ತಿರುಗಾಡಿ ಅವರ ಕೆಲಸವನ್ನು ಅಧ್ಯಯನ ಮಾಡಿದರು. ಈ ಅಧ್ಯಯನ 1996ರಲ್ಲಿ ಪುಸ್ತಕವಾಗಿ ಬಂದಿತು. ಕೈಪಿಡಿಯಲ್ಲಿಲ್ಲದ ದೋಷಗಳ ಪರಿಹಾರವನ್ನು ತಂತ್ರಜ್ಞರು ಊಟದ ಹೊತ್ತಿನಲ್ಲಿ ಒಬ್ಬರಿಗೊಬ್ಬರು ಕಥೆಯಂತೆ ಹೇಳಿಕೊಳ್ಳುತ್ತಿದ್ದರು. ಇಂಥ ತಿಳಿವಳಿಕೆಯನ್ನು ಎಲ್ಲರಿಗೂ ತಲುಪಿಸಲು 1990ರ ದಶಕದಲ್ಲಿ ಕಂಪನಿಯು ಯುರೇಕಾ ಎಂಬ ವ್ಯವಸ್ಥೆಯನ್ನು ರೂಪಿಸಿತು. ತಂತ್ರಜ್ಞರು ಕಳಿಸಿದ ಸಲಹೆಯನ್ನು ಅನುಭವಿ ತಂತ್ರಜ್ಞರು ಪರಿಶೀಲಿಸುತ್ತಿದ್ದರು; ಒಪ್ಪಿಗೆಯಾದ ಸಲಹೆಯ ಜೊತೆ ಬರೆದವರ ಹೆಸರು ಇರುತ್ತಿತ್ತು. ಹಣದ ಬಹುಮಾನಕ್ಕಿಂತ ಸಹೋದ್ಯೋಗಿಗಳ ನಡುವಿನ ಮನ್ನಣೆಯೇ ಇಲ್ಲಿ ಬರೆಯಲು ಪ್ರೇರಣೆಯಾಯಿತು.

ಎರಡನೆಯದು ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಇನ್ಫೋಸಿಸ್. ನೌಕರರ ಬರಹಗಳನ್ನು ಸಂಗ್ರಹಿಸಲು ಈ ಕಂಪನಿಯು ಕೆ-ಶಾಪ್ ಎಂಬ ಆಂತರಿಕ ತಾಣವನ್ನು ನಡೆಸಿತು. ಬರೆದವರಿಗೂ ಪರಿಶೀಲಿಸಿದವರಿಗೂ 'ಜ್ಞಾನದ ನಾಣ್ಯ' ಎಂಬರ್ಥದ ಅಂಕಗಳು ದೊರೆಯುತ್ತಿದ್ದವು. ಅವನ್ನು ಬಹುಮಾನವಾಗಿ ಬದಲಿಸಿಕೊಳ್ಳಬಹುದಿತ್ತು. ಬರಹಗಳ ಸಂಖ್ಯೆ ಬೇಗನೆ ಏರಿತು. ಆದರೆ ಬರಹಗಳ ಮಹಾಪೂರದಲ್ಲಿ ಉಪಯುಕ್ತವಾದುದನ್ನು ಆರಿಸುವುದೇ ಕಷ್ಟವಾಗಿ, ಅಂಕಗಳಿಗಾಗಿಯೇ ಬರೆಯುವ ಪ್ರವೃತ್ತಿಯ ಬಗ್ಗೆ ಆಕ್ಷೇಪಗಳೂ ಬಂದವು. ಆಗ ಕಂಪನಿಯು ಕ್ರಮವನ್ನು ಬದಲಿಸಿ, ಓದಿದವರಿಗೆ ಬರಹ ಎಷ್ಟು ಉಪಯೋಗಕ್ಕೆ ಬಂದಿತು ಎಂಬುದಕ್ಕೆ ಹೆಚ್ಚಿನ ಬೆಲೆ ಕೊಟ್ಟಿತು. ರಘು ಗರುಡ್ ಮತ್ತು ಅರುಣ್ ಕುಮಾರಸ್ವಾಮಿ 2005ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಬೆಳವಣಿಗೆಯ ವಿಶ್ಲೇಷಣೆಯಿದೆ.

ಎರಡೂ ನಿದರ್ಶನಗಳಲ್ಲಿ ಸಾಮಾನ್ಯವಾದ ಅಂಶವೆಂದರೆ, ಬರಹದ ಪ್ರಮಾಣಕ್ಕಿಂತ ಅದನ್ನು ಪರಿಶೀಲಿಸುವ ವ್ಯವಸ್ಥೆ ಮುಖ್ಯವೆಂಬುದು.

ಭಾಷೆ ಮತ್ತು ಮೇಜಿಲ್ಲದ ನೌಕರರು

ಇಂಟ್ರಾನೆಟ್ಟನ್ನು ರೂಪಿಸುವವರು ಕಚೇರಿಯಲ್ಲಿ ಕುಳಿತು ಕಂಪ್ಯೂಟರಿನಲ್ಲಿ ಕೆಲಸ ಮಾಡುವವರು. ಆದರೆ ಕಾರ್ಖಾನೆ, ಆಸ್ಪತ್ರೆ, ಉಗ್ರಾಣ, ಸಾರಿಗೆ, ಹೋಟೆಲುಗಳಲ್ಲಿ ದುಡಿಯುವ ಬಹುಪಾಲು ಜನರಿಗೆ ಮೇಜೂ ಇಲ್ಲ, ಕಚೇರಿಯ ಇಮೇಲೂ ಇಲ್ಲ. ಸುರಕ್ಷತಾ ಸೂಚನೆ ಹೆಚ್ಚು ಅಗತ್ಯವಿರುವುದು ಇವರಿಗೇ. ಇವರಿಗಾಗಿ ಕೆಲಸದ ಜಾಗದಲ್ಲಿ ಸಾಮೂಹಿಕ ಬಳಕೆಯ ಪರದೆ, ಮೊಬೈಲಿನಲ್ಲಿ ತೆರೆಯುವ ಹಗುರ ಪುಟಗಳು, ಯಂತ್ರದ ಮೇಲೆ ಅಂಟಿಸಿದ ಕ್ಯೂಆರ್ ಸಂಕೇತ ಮುಂತಾದ ಏರ್ಪಾಡುಗಳನ್ನು ಮಾಡುವುದುಂಟು. ಸ್ವಂತ ಮೊಬೈಲಿನಲ್ಲಿ ನೋಡಬೇಕೆಂದು ಹೇಳುವಾಗ ಅದರ ಖರ್ಚನ್ನು ಯಾರು ಭರಿಸಬೇಕು, ಕೆಲಸದ ಅವಧಿಯ ಹೊರಗೆ ನೋಡಿದ ಸಮಯವನ್ನು ಹೇಗೆ ಲೆಕ್ಕ ಹಾಕಬೇಕು ಎಂಬ ಪ್ರಶ್ನೆಗಳೂ ಏಳುತ್ತವೆ.

ಭಾಷೆಯ ಪ್ರಶ್ನೆಯೂ ಇದರೊಂದಿಗೆ ಸೇರಿದೆ. ಇಂಗ್ಲಿಷಿನಲ್ಲಿ ಮಾತ್ರ ಇರುವ ನಿಯಮಾವಳಿಯು ಕನ್ನಡವನ್ನಷ್ಟೇ ಓದಬಲ್ಲ ಕೆಲಸಗಾರನ ಪಾಲಿಗೆ ಇಲ್ಲದಂತೆಯೇ. ಅನುವಾದ ಮಾಡಿದ ಮೇಲೂ ಮೂಲ ಪುಟ ಬದಲಾದಾಗಲೆಲ್ಲ ಅನುವಾದವನ್ನೂ ಬದಲಿಸುವ ಏರ್ಪಾಡು ಬೇಕು. ಇಲ್ಲವಾದರೆ ಎರಡು ಭಾಷೆಗಳಲ್ಲಿ ಎರಡು ನಿಯಮಗಳು ಇದ್ದಂತಾಗುತ್ತದೆ. ಕನ್ನಡ ಕಡತಗಳಿಗೆ ಸಂಬಂಧಿಸಿದ ಇನ್ನೊಂದು ತೊಡಕು ಅಕ್ಷರಗಳ ಸಂಕೇತೀಕರಣದ್ದು. ಯೂನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ದಾಖಲೆಗಳು ಕಣ್ಣಿಗೆ ಕನ್ನಡವಾಗಿ ಕಂಡರೂ, ಹುಡುಕು ಯಂತ್ರಕ್ಕೆ ಅರ್ಥವಿಲ್ಲದ ಚಿಹ್ನೆಗಳಾಗಿರುತ್ತವೆ. ಇಂಥ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿದ ಹೊರತು ಅವು ಹುಡುಕಾಟದಲ್ಲಿ ಸಿಗುವುದಿಲ್ಲ.

ದೃಷ್ಟಿದೋಷವುಳ್ಳವರು ಪುಟಗಳನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ ಬಳಸುತ್ತಾರೆ. ಸುತ್ತೋಲೆಯನ್ನು ಸ್ಕ್ಯಾನ್ ಮಾಡಿದ ಚಿತ್ರವಾಗಿ ಮಾತ್ರ ಹಾಕಿದರೆ ಅದು ಅವರಿಗೆ ತಲುಪುವುದಿಲ್ಲ. ಅಕ್ಷರರೂಪದಲ್ಲಿ ಹಾಕಿದರೆ ತಲುಪುತ್ತದೆ.

ಭದ್ರತೆ ಮತ್ತು ಖಾಸಗಿತನ

ಫೈರ್‌ವಾಲಿನ ಒಳಗಿರುವವರೆಲ್ಲ ನಂಬಿಕಸ್ಥರು ಎಂಬುದು ಇಂಟ್ರಾನೆಟ್ಟಿನ ಹಳೆಯ ಕಲ್ಪನೆ. ಒಬ್ಬ ನೌಕರನ ಪಾಸ್‌ವರ್ಡ್ ಕಳ್ಳರ ಕೈ ಸೇರಿದರೆ ಈ ಕಲ್ಪನೆ ಕುಸಿಯುತ್ತದೆ. 2009ರಲ್ಲಿ ಸೈಬರ್ ದಾಳಿಗೆ ಒಳಗಾದ ನಂತರ ಗೂಗಲ್ ಕಂಪನಿಯು ಒಳಗೆ, ಹೊರಗೆ ಎಂಬ ಭೇದವನ್ನು ಬಿಟ್ಟು, ಪ್ರತಿ ಬಾರಿಯೂ ವ್ಯಕ್ತಿಯನ್ನೂ ಸಾಧನವನ್ನೂ ಪರಿಶೀಲಿಸುವ ವ್ಯವಸ್ಥೆಯತ್ತ ಹೊರಳಿತು. ಅದರ ವಿವರಗಳನ್ನು 2014ರಿಂದ ಬಿಯಾಂಡ್‌ಕಾರ್ಪ್ ಎಂಬ ಹೆಸರಿನಲ್ಲಿ ಪ್ರಕಟಿಸಿತು.

ಇಂಟ್ರಾನೆಟ್ಟಿನಲ್ಲಿ ನೌಕರರ ವೇತನ, ಆರೋಗ್ಯ, ಮನೆಯ ವಿಳಾಸ ಮೊದಲಾದ ವೈಯಕ್ತಿಕ ವಿವರಗಳೂ ಇರುತ್ತವೆ. ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಇಂಥ ವಿವರಗಳನ್ನು ಇಟ್ಟುಕೊಳ್ಳುವವರ ಹೊಣೆಯನ್ನು ನಿರೂಪಿಸುತ್ತದೆ. ಯಾರು ಯಾವ ಪುಟ ನೋಡಿದರು ಎಂಬ ದಾಖಲೆಯನ್ನು ಸುಧಾರಣೆಗೆ ಬಳಸುವುದಕ್ಕೂ ನೌಕರರ ಮೇಲೆ ಕಣ್ಣಿಡಲು ಬಳಸುವುದಕ್ಕೂ ವ್ಯತ್ಯಾಸವಿದೆ. ದೂರು ನೀಡುವ ಪುಟವನ್ನು ತೆರೆದವರ ಹೆಸರು ಮೇಲಧಿಕಾರಿಗೆ ಕಾಣುವಂತಿದ್ದರೆ ಆ ಪುಟದ ಉದ್ದೇಶವೇ ವಿಫಲವಾಗುತ್ತದೆ.

ಕೃತಕ ಬುದ್ಧಿಮತ್ತೆಯ ಬಳಕೆ

2023ರಿಂದೀಚೆಗೆ ಮೈಕ್ರೋಸಾಫ್ಟ್ ಕೋಪೈಲಟ್‌ನಂಥ ಸಹಾಯಕಗಳು ಸಂಸ್ಥೆಯ ಕಡತಗಳನ್ನು ಓದಿ, ನೌಕರರ ಪ್ರಶ್ನೆಗೆ ವಾಕ್ಯರೂಪದಲ್ಲಿ ಉತ್ತರ ಕೊಡುತ್ತವೆ. ಹತ್ತು ಪುಟಗಳ ಪಟ್ಟಿಯ ಬದಲು ಒಂದು ನೇರ ಉತ್ತರ ಸಿಗುವುದು ಅನುಕೂಲವೇ ಸರಿ. ಆದರೆ ಇದರಿಂದ ಹಳೆಯ ದೋಷಗಳು ಮರೆಯಾಗುವುದಿಲ್ಲ, ಬದಲಿಗೆ ಬಲಗೊಳ್ಳಬಹುದು. ರದ್ದಾದ ನಿಯಮವೂ ಜಾರಿಯಲ್ಲಿರುವ ನಿಯಮವೂ ಒಟ್ಟಿಗೆ ಇದ್ದರೆ, ಸಹಾಯಕವು ರದ್ದಾದುದನ್ನೇ ಖಚಿತ ಧ್ವನಿಯಲ್ಲಿ ಹೇಳಿಬಿಡಬಹುದು. ಕಡತಗಳ ಅನುಮತಿಯನ್ನು ಹಿಂದೆ ಅಜಾಗರೂಕತೆಯಿಂದ ಎಲ್ಲರಿಗೂ ತೆರೆದಿಟ್ಟಿದ್ದರೆ, ಯಾರ ಕಣ್ಣಿಗೂ ಬೀಳದೆ ಉಳಿದಿದ್ದ ಗೋಪ್ಯ ವಿವರ ಒಂದು ಪ್ರಶ್ನೆಗೆ ಹೊರಬರಬಹುದು. ಆದ್ದರಿಂದ ಇಂಥ ಸಹಾಯಕವನ್ನು ಅಳವಡಿಸುವ ಮುಂಚೆ ಹಳೆಯ ಕಡತಗಳನ್ನೂ ಅನುಮತಿಗಳನ್ನೂ ಪರಿಶೀಲಿಸಬೇಕು. ಉತ್ತರದ ಜೊತೆ ಅದರ ಮೂಲ ಪುಟವನ್ನು ತೋರಿಸುವಂತಿದ್ದರೆ ನೌಕರರು ತಾವೇ ತಾಳೆ ನೋಡಬಹುದು.

ಯಶಸ್ಸಿನ ಅಳತೆ ಮತ್ತು ಮಿತಿಗಳು

ಪುಟವನ್ನು ಎಷ್ಟು ಜನ ತೆರೆದರು ಎಂಬ ಲೆಕ್ಕವು ಯಶಸ್ಸಿನ ಸರಿಯಾದ ಅಳತೆಯಲ್ಲ. ಬ್ರೌಸರ್ ತೆರೆದ ಕೂಡಲೇ ಇಂಟ್ರಾನೆಟ್ಟಿನ ಮುಖಪುಟ ಬರುವಂತೆ ಮಾಡಿದರೆ ಆ ಸಂಖ್ಯೆ ತಾನಾಗಿ ಏರುತ್ತದೆ. ಒಂದು ಕೆಲಸ ಮುಗಿಸಲು ಎಷ್ಟು ಹೊತ್ತು ಹಿಡಿಯಿತು, ಎಷ್ಟು ಜನ ಅರ್ಧಕ್ಕೆ ಬಿಟ್ಟರು, ಅದೇ ಪ್ರಶ್ನೆಯನ್ನು ಸಿಬ್ಬಂದಿ ಇಲಾಖೆಗೆ ಕೇಳುವುದು ಕಡಿಮೆಯಾಯಿತೇ, ಸಿಕ್ಕ ಉತ್ತರ ಸರಿಯಾಗಿತ್ತೇ ಎಂಬುವು ಹೆಚ್ಚು ಅರ್ಥಪೂರ್ಣವಾದ ಅಳತೆಗಳು.

ಎಲ್ಲ ಜ್ಞಾನವೂ ಬರಹಕ್ಕೆ ಇಳಿಯುವುದಿಲ್ಲ. ಜಪಾನಿನ ಇಕುಜಿರೊ ನೊನಾಕಾ ಮತ್ತು ಹಿರೊಟಾಕಾ ಟಾಕೆಯುಚಿ ತಮ್ಮ 1995ರ ಗ್ರಂಥದಲ್ಲಿ, ಬರೆದು ತಿಳಿಸಬಹುದಾದ ಜ್ಞಾನ ಮತ್ತು ಕೈಗೆ, ಕಣ್ಣಿಗೆ ರೂಢಿಯಾದ ಮೌನ ಜ್ಞಾನ ಎಂಬ ಎರಡು ಬಗೆಗಳನ್ನು ಚರ್ಚಿಸಿದ್ದಾರೆ. ಎರಡನೆಯದು ಮುಖ್ಯವಾಗಿ ಜೊತೆಯಲ್ಲಿ ಕೆಲಸ ಮಾಡುವುದರಿಂದ ಬರುವಂಥದು. ಆ ಕಾರಣದಿಂದ ಕೆಲವು ಸಂಸ್ಥೆಗಳು ನಿವೃತ್ತಿಯ ಅಂಚಿನಲ್ಲಿರುವ ನೌಕರರೊಂದಿಗೆ ಹೊಸಬರನ್ನು ಕೆಲ ಕಾಲ ಜೊತೆಗೂಡಿಸಿ, ಆ ಅವಧಿಯಲ್ಲಿ ತಿಳಿದುಬಂದ ವಿಷಯಗಳನ್ನು ಹೊಸಬರಿಂದಲೇ ಇಂಟ್ರಾನೆಟ್ಟಿನಲ್ಲಿ ಬರೆಸುತ್ತವೆ. ಬಲ್ಲವರಿಗೆ ತೀರ ಸಹಜವೆಂದು ತೋರಿ ಬಿಟ್ಟುಹೋಗುವ ಸಂಗತಿಗಳು ಹೊಸಬರ ಬರಹದಲ್ಲಿ ಉಳಿಯುತ್ತವೆ. ಜನರು ಹೊರಟುಹೋದಾಗ ಅವರ ತಿಳಿವಳಿಕೆಯೂ ಹೊರಟುಹೋಗುತ್ತದೆಂದು 1989ರಲ್ಲಿ ಸರ್ನ್‌ನಲ್ಲಿ ಗುರುತಿಸಿದ ಸಮಸ್ಯೆ ಇಂದಿಗೂ ಪೂರ್ತಿಯಾಗಿ ಬಗೆಹರಿದಿಲ್ಲ. ಇಂಟ್ರಾನೆಟ್ ಅದಕ್ಕೆ ಒಂದು ಸಾಧನ. ಅದರಲ್ಲಿ ಬರೆಯುವ, ತಿದ್ದುವ ಮತ್ತು ಹಳತನ್ನು ತೆಗೆಯುವ ಕೆಲಸವನ್ನು ದಿನನಿತ್ಯದ ಕರ್ತವ್ಯದ ಭಾಗವೆಂದು ಪರಿಗಣಿಸಿದ ಸಂಸ್ಥೆಗಳಲ್ಲಿ ಅದು ಉಪಯೋಗಕ್ಕೆ ಬರುತ್ತದೆ.